ಹಿರಿಯಳು ಯಾರೆಂಬುದು ಪುಸ್ತಕದಲ್ಲಿ ಇರಲಿಲ್ಲ

ಮೊಮ್ಮಗಳು ಒಂದು ಆಟ ತಂದಳು. ಆಟ ಅಂದರೆ ನೆಲದ ಮೇಲೆ ಇದ್ದಲಿಯಿಂದ ನಾಲ್ಕು ಗೆರೆ ಎಳೆದು, ನಾಲ್ಕು ಕವಡೆ ಹಿಡಿದರೆ ಆಯಿತು ಎಂದು ನಾನು ತಿಳಿದಿದ್ದೆ. ಇದು ಪುಸ್ತಕದಲ್ಲಿತ್ತು. ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿಗೆ ಮುಚ್ಚಿದರೆ ಇಲಿ ಒಳಗೆ ಇಳಿಯಲಾರದು, ಅಷ್ಟು ದಪ್ಪ.

"ಇದರಾಗ ಏನೈತಿ?" ಎಂದೆ.

"ನಿಯಮ ಅದಾವ, ಆಯಿ."

"ಪೂರಾ ನಿಯಮ?"

"ಪೂರಾ. ಇದು ಮೊದಲನೇದು. ಇನ್ನೂ ಎರಡು ಪುಸ್ತಕ ಅದಾವ."

"ಮತ್ತ ಆಟ ಯಾವುದರಾಗ ಐತಿ?"

ಅವಳು ನಕ್ಕಳು. ನಾನು ನಗಿಸಲು ಕೇಳಿರಲಿಲ್ಲ.

ಅವಳು ನನ್ನ ಮಗನ ಮಗಳು. ಎಂ.ಎ. ಮುಗಿಸಿ ಸರಕಾರಿ ಪರೀಕ್ಷೆಗೆ ಓದುತ್ತ ಮುದ್ದೇಬಿಹಾಳದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಕಾಲೇಜಿನಲ್ಲಿ ಇಬ್ಬರು ಗೆಳತಿಯರ ಜೊತೆ ಈ ಆಟ ಆಡುತ್ತಿದ್ದಳಂತೆ. ಒಬ್ಬಳಿಗೆ ಇಂಡಿಯಲ್ಲಿ ಗಂಡ ಸಿಕ್ಕ, ಇನ್ನೊಬ್ಬಳಿಗೆ ಬಸವನ ಬಾಗೇವಾಡಿಯಲ್ಲಿ ನೌಕರಿ ಸಿಕ್ಕಿತು. ಆಟ ಮೂಲೆಗೆ ಬಿತ್ತು. ದೀಪಾವಳಿಯಲ್ಲಿ ಮೂವರೂ ಸಿಂದಗಿಯಲ್ಲಿ ಕೂಡುವುದು, ಅಷ್ಟರೊಳಗೆ ಇವಳು ಆ ಇಂಗ್ಲಿಷ್ ಆಟವನ್ನು ಕನ್ನಡದಲ್ಲಿ, ನಮ್ಮ ಕಡೆಯ ಆಟವನ್ನಾಗಿ, ಸಣ್ಣದು ಮಾಡಿ ತರುವುದು ಎಂದು ಮಾತಾಗಿತ್ತು. ಆ ದಪ್ಪ ಪುಸ್ತಕವನ್ನು ಹತ್ತು ಹಾಳೆಗೆ ಇಳಿಸುತ್ತೇನೆಂದು ಗೆಳತಿಯರಿಗೆ ಮಾತು ಕೊಟ್ಟಿದ್ದಳು. ಬರೆದದ್ದು ಸರಿ ಇದೆಯೋ ಇಲ್ಲವೋ ನೋಡಲು ಆಡಿ ನೋಡಬೇಕು. ಅದಕ್ಕೆ ಜನ ಬೇಕು.

"ಏನೂ ಗೊತ್ತಿಲ್ಲದವರ ಬೇಕಾಗ್ಯಾರ, ಆಯಿ," ಎಂದಳು.

ಅಂಥವರು ಮನೆಯಲ್ಲಿ ಇದ್ದೆವು. ಒಬ್ಬಳು ನಾನು. ಇನ್ನೊಬ್ಬಳು ಗೋಡೆಯ ಆಚೆ ಇದ್ದಳು.

ಗೋಡೆಯ ಆಚೆ ಇರುವವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಮೊದಲು ಒಂದೇ ಮನೆ. ಆಮೇಲೆ ಪಡಸಾಲೆಯ ನಡುವೆ ಗೋಡೆ ಎದ್ದು ಎರಡಾಯಿತು. ಹಿತ್ತಲಿಗೆ ಮಾತ್ರ ನಡುವೆ ಎದೆಮಟ್ಟದ ಗೋಡೆಯಿದೆ. ಗಂಡಸರಿಬ್ಬರೂ ಸತ್ತುಹೋದರು. ನಾವು ಇಬ್ಬರು ಉಳಿದೆವು. ನಾವು ಮಾತಾಡುವುದಿಲ್ಲ.

ಜನ ಏನೋ ದೊಡ್ಡ ಜಗಳ ಆಗಿದ್ದೀತು ಅಂದುಕೊಳ್ಳುತ್ತಾರೆ. ಜಗಳ ಆಗಿಲ್ಲ. ನಾನು ಮೋರಟಗಿಯಿಂದ ಈ ಮನೆಗೆ ಮೊದಲು ಬಂದವಳು. ನನ್ನ ಗಂಡ ತಮ್ಮ, ಆದರೂ ಮೊದಲು ಮದುವೆಯಾದ. ಅಣ್ಣನಿಗೆ ಹೆಣ್ಣು ಒಪ್ಪಿಗೆಯಾಗುವ ಹೊತ್ತಿಗೆ ನನಗೆ ಎರಡು ಮಕ್ಕಳು. ಆಗ ಲಚ್ಯಾಣದಿಂದ ಇವಳು ಬಂದಳು. ನನಗಿಂತ ಸಣ್ಣವಳು, ರೊಟ್ಟಿ ಬಡಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅತ್ತೆ ನನ್ನನ್ನು ಕರೆದು, "ಇಕಿ ಹಿರೇ ಸೊಸಿ, ಇಕೀಗಿ ಅಕ್ಕಾ ಅನ್ನಬೇಕು" ಎಂದಳು. ರೂಢಿ ಅದೇ, ಹಿರಿಯ ಮಗನ ಹೆಂಡತಿ ಹಿರಿಯಳು. ನಾನು ಇಲ್ಲ ಅನ್ನಲಿಲ್ಲ. ಅಕ್ಕಾ ಅನ್ನಲೂ ಇಲ್ಲ. ಅವಳು ಕಾದಳು. ನನ್ನ ವಯಸ್ಸು ನೋಡಿ ಅವಳಾದರೂ ನನಗೆ ಅಕ್ಕ ಅನ್ನಬಹುದಿತ್ತು. ಅವಳೂ ಅನ್ನಲಿಲ್ಲ. ಅತ್ತೆ ಇರುವ ತನಕ "ಇಕಾ", "ಕೇಳಸ್ತೇನ" ಎಂದು ಹೆಸರಿಲ್ಲದೆ ನಡೆಯಿತು. ಗೋಡೆ ಎದ್ದ ಮೇಲೆ ಅದರ ಕೆಲಸವೂ ಬೀಳಲಿಲ್ಲ. ಮಾತು ಸುರು ಮಾಡಲು ಮೊದಲು ಏನಾದರೂ ಅಂದು ಕರೆಯಬೇಕಲ್ಲ. ಯಾರು ಮೊದಲು ಕರೆಯುತ್ತಾಳೋ ಅವಳು ಕಿರಿಯಳು. ಇಷ್ಟೇ. ಇಷ್ಟಕ್ಕೆ ನಮ್ಮಿಬ್ಬರ ಕೂದಲು ಬೆಳ್ಳಗಾದವು.

ಮಾತಿಲ್ಲ ಅಂದ ಮಾತ್ರಕ್ಕೆ ಕೆಲಸ ನಿಲ್ಲಲಿಲ್ಲ. ಹಬ್ಬಕ್ಕೆ ಹೋಳಿಗೆ ತಾಟು ಹೋಗುತ್ತದೆ, ಬರುತ್ತದೆ. ಹಿತ್ತಲ ಗೋಡೆಯ ಮೇಲಿಟ್ಟು ಸೌಟಿನಿಂದ ತಾಟಿಗೆ ಒಮ್ಮೆ ಬಡಿದರೆ ತೆಗೆದುಕೊಂಡು ಹೋಗು ಎಂದು ಅರ್ಥ. ಎರಡು ಸಲ ಬಡಿದರೆ ತಾಟು ವಾಪಸು ಬಂದಿದೆ ಎಂದು. ಆಚೆ ಕೇಳುವಂತೆ ಬೆಕ್ಕಿಗೆ ಬೈದು ಹೇಳಬಹುದು, ಅದು ಮಾತಲ್ಲ. ಸತ್ತವರ ಮನೆಯಲ್ಲಿ ಒಂದೇ ಕೊರಳು ಹಿಡಿದು ಅಳಬಹುದು, ಅದೂ ಮಾತಲ್ಲ. ಉಳಿದದ್ದೆಲ್ಲ ನನ್ನ ಸೊಸೆಯ ಬಾಯಿಂದ. ಸೊಸೆ ಪ್ರಾಥಮಿಕ ಸಾಲೆಯ ಮಾಸ್ತರಣಿ. ಸಾಲೆಯಿಂದ ಬಂದು ಚಹದ ಬಟ್ಟಲು ಹಿಡಿಯುವುದರೊಳಗೆ ಆಚೆಯದು ಈಚೆ, ಈಚೆಯದು ಆಚೆ ಮುಟ್ಟಿಸಬೇಕು. ಒಮ್ಮೆಯೂ ಬೇಸರ ತೋರಿಸಿದವಳಲ್ಲ. ಅದನ್ನು ನಾನು ಒಳ್ಳೆಯ ಗುಣ ಎಂದು ತಿಳಿದಿದ್ದೆ.

ಮಕ್ಕಳಿಗೂ ನಾವು ದೊಡ್ಡ ಆಯಿ, ಸಣ್ಣ ಆಯಿ ಅನ್ನುವುದನ್ನು ಕಲಿಸಲಿಲ್ಲ. ನಾನು ಆಯಿ, ಅವಳು ಆಚಿಮನಿ ಆಯಿ. ಆಚೆ ಮನೆಯ ಮಕ್ಕಳಿಗೆ ಇದೇ ತಿರುಗುಮುರುಗು.

ಮೊಮ್ಮಗಳು ಆಚೆ ಹೋಗಿ, "ಆಯಿ ಆಟಕ್ಕ ಕುಂಡ್ರಾಕತ್ತಾಳ್ರಿ" ಎಂದಳಂತೆ. ಬಾ ಅಂತ ಕರೆಯುವ ಕೆಲಸವೇ ಬೀಳಲಿಲ್ಲ. ಐತವಾರ ಊಟವಾಗುತ್ತಲೇ ನೆಗೆಣ್ಣಿ ಒಗೆದ ಸೀರೆ ಉಟ್ಟು, ನೇರ ಬಂದು ಜಮಖಾನದ ಆ ತುದಿಗೆ ಕುಳಿತಳು. ನಾನು ಈ ತುದಿಗೆ. ಸೊಸೆ ನಡುವೆ, ತಿದ್ದುವ ಉತ್ತರಪತ್ರಿಕೆಯ ಗಂಟು ತೊಡೆಯ ಮೇಲೆ ಇಟ್ಟುಕೊಂಡು. ಮೂವರಾದರೂ ಬೇಕು ಎಂದು ಮಗಳು ಕೇಳಿದ್ದಕ್ಕೆ ಅವಳು ಕುಳಿತದ್ದು. ಕುಳಿತಲ್ಲಿಯೇ ಆಗುವ ಕೆಲಸವಾದರೆ ಆದೀತು ಎಂದಿದ್ದಳು.

ಆಟ ಹೀಗಿದೆ. ಮೊಮ್ಮಗಳು ಒಂದು ಕಥೆ ಹೇಳುತ್ತಾಳೆ. ನಾವು ಆ ಕಥೆಯೊಳಗೆ ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತೇವೆ. ಮುಂದೆ ಬಾವಿ ಇದೆ, ಏನು ಮಾಡುತ್ತಿ ಎಂದು ಕೇಳುತ್ತಾಳೆ. ಜಿಗಿಯುತ್ತೇನೆ ಅಂದರೆ ದಾಳ ಹಾಕಬೇಕು. ದಾಳಕ್ಕೆ ಇಪ್ಪತ್ತು ಮುಖ. ಹೆಚ್ಚು ಬಿದ್ದರೆ ದಾಟಿದೆ, ಕಡಿಮೆ ಬಿದ್ದರೆ ಬಾವಿಯಲ್ಲಿ. ಬಿದ್ದರೆ ಎಷ್ಟು ಪೆಟ್ಟು, ನೀರಿದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು, ಕೈಯಲ್ಲಿ ಭಾರ ಇದ್ದರೆ ಎಷ್ಟು ಎಂಬುದಕ್ಕೆಲ್ಲ ಆ ಪುಸ್ತಕದಲ್ಲಿ ಕೋಷ್ಟಕವಿದೆ. ಬಾವಿಗೆ ಬಿದ್ದವರನ್ನು ನಾನು ನೋಡಿದ್ದೇನೆ. ಯಾರೂ ಕೋಷ್ಟಕ ನೋಡಿ ಬೀಳಲಿಲ್ಲ.

ಯಾರು ಏನಾಗುತ್ತೀರಿ ಎಂದು ಕೇಳಿದಳು. "ನನ್ನ ಕಳ್ಳಿ ಮಾಡು," ಎಂದೆ. ಉಳಿದ ಕೆಲಸವೆಲ್ಲ ಜನ್ಮದಲ್ಲಿ ಮಾಡಿಯಾಗಿತ್ತು. ನೆಗೆಣ್ಣಿ ಮೊಮ್ಮಗಳ ಕಡೆ ಮುಖ ಮಾಡಿ, "ಇದರಾಗ ಎಲ್ಲಾರಕಿಂತ ಮ್ಯಾಲ ಯಾರ ಇರ್ತಾರ?" ಎಂದಳು. ದಳವಾಯಿ ಎಂದಳು ಇವಳು. "ಅದನ್ನ ಬರಿ." ಸೊಸೆ ತಲೆ ಎತ್ತದೆ, "ಏನ ಉಳದೈತಿ ಅದನ್ನ ಬರಕೋ" ಎಂದಳು. ಅವಳು ಕಾವಲುಗಾರ್ತಿಯಾದಳು. ಮೂವರಿಗೂ ಒಂದೊಂದು ಹಾಳೆ ಬಂತು. ಬಲ ಎಷ್ಟು, ಚುರುಕು ಎಷ್ಟು, ಬುದ್ಧಿ ಎಷ್ಟು ಎಂದು ದಾಳ ಹಾಕಿ ಬರೆದಳು. ನನ್ನ ಕಳ್ಳಿಗೆ ಬುದ್ಧಿ ಕಡಿಮೆ ಬಿತ್ತು. ನೆಗೆಣ್ಣಿ ಅದನ್ನು ಎರಡು ಸಲ ಓದಿಸಿ ಕೇಳಿದಳು.

ಮೊದಲ ದಿನವೇ ಒಂದು ಹಾಳು ಕೋಟೆಯ ಬಾಗಿಲಿಗೆ ಬಂದು ನಿಂತೆವು. ಒಳಗಿನಿಂದ ಯಾರೋ ಬರುವ ಸಪ್ಪಳ. ಈಗ ಯಾರು ಮೊದಲು ಕೆಲಸ ಮಾಡಬೇಕು, ಯಾರು ಮೊದಲು ಬಾಯಿ ಬಿಡಬೇಕು ಎಂಬುದಕ್ಕೆ ಎಲ್ಲರೂ ದಾಳ ಹಾಕಬೇಕಂತೆ. ನಾನು ಕೇಳಿದೆ, "ದಾಳ ಹೇಳಿದವರು ಮೊದಲ ಮಾತಾಡೂದು?"

"ಹೌದ, ಆಯಿ. ಅದರಾಗ ದೊಡ್ಡವರು ಸಣ್ಣವರು ಇಲ್ಲ."

ದಾಳ ಹಾಕಿದೆವು. ನೆಗೆಣ್ಣಿಗೆ ಹದಿನೆಂಟು. ನನಗೆ ಮೂರು. ಜನ್ಮದಲ್ಲಿ ಮೊದಲ ಸಲ ನನಗೆ ಮೂರು ಬಿದ್ದದ್ದು ಒಳ್ಳೆಯದಾಯಿತು.

ನೆಗೆಣ್ಣಿ ಮೊಮ್ಮಗಳಿಗೆ ಹೇಳಿದಳು, "ಆ ಕಳ್ಳಿಗಿ ಬಾಗಲಾ ತಗಿ ಅಂತ ಹೇಳ."

"ಹಂಗ ನಡಿಯೂದಿಲ್ರಿ ಆಯಿ. ದಳವಾಯಿನ ಕಳ್ಳಿಗಿ ನೇರ ಹೇಳಬೇಕು. ನಾ ಅಲ್ಲಿ ಇಲ್ಲ, ನಾ ಬರೇ ಕಥಿ ಹೇಳಾಕಿ."

"ನಿಮ್ಮವ್ವನ ಕಡಿಂದ ಹೇಳಸ್ತೇನಿ."

ಸೊಸೆ ಹಾಳೆ ತಿದ್ದುತ್ತಲೇ, "ಕಾವಲುಗಾರ್ತಿ ಕೋಟಿ ಹಿಂದಿನ ಬಾಜೂಕ ಹೋಗ್ಯಾಳ್ರಿ ಅತ್ತಿ. ಕೇಳೂದಿಲ್ಲ" ಎಂದಳು.

ನೆಗೆಣ್ಣಿ ಸೀರೆಯ ಸೆರಗು ಸರಿ ಮಾಡಿಕೊಂಡಳು. "ಆಟದಾಗ ಆಡಿದ ಮಾತು ಹೊರಗ ಲೆಕ್ಕಕ್ಕ ಬರ್ತೈತೇನ?"

"ಬರೂದಿಲ್ರಿ."

"ಅದು ನಿನ್ನ ಪುಸ್ತಕದಾಗ ಐತೇನ?"

"ಇಲ್ರಿ. ಅದನ್ನ ಬರಿಯೂದು ಏನೈತಿ, ಎಲ್ಲಾರಿಗೂ ಗೊತ್ತಿರ್ತೈತಿ."

"ಬರಿ."

ಮೊಮ್ಮಗಳು ಬರೆದಳು. ಆಟದೊಳಗೆ ಪಾತ್ರ ಪಾತ್ರಕ್ಕೆ ಆಡಿದ ಮಾತು ಆಟದೊಳಗೇ ಉಳಿಯುತ್ತದೆ, ಹೊರಗೆ ಲೆಕ್ಕವಿಲ್ಲ. ನೆಗೆಣ್ಣಿ ಓದಿಸಿ ಕೇಳಿದಳು. ನಾನೂ ಇಸಿದುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿ ನೋಡಿದೆ. ನಾನು ಸಾಲೆ ಕಲಿತದ್ದು ಮೂರನೆಯ ಇಯತ್ತೆಯ ತನಕ. ಆದರೂ ಇಂಥ ಸಾಲನ್ನು ಬೇರೆಯವರ ಬಾಯಿಂದ ಕೇಳಿ ಬಿಡುವುದು ಸರಿಯಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿ, ಮುಖ ನೋಡದೆ ನನ್ನ ಮೊಣಕಾಲು ನೋಡಿ, "ಏ ಕಳ್ಳಿ, ಬಾಗಲಾ ತಗಿ" ಎಂದಳು.

ಕೂದಲು ಬೆಳ್ಳಗಾದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು.

"ತಗಿಯೂದಿಲ್ಲ," ಎಂದೆ. "ಮೊದಲ ಕೂಲಿ ಎಷ್ಟು ಕೊಡ್ತಿ ಹೇಳ."

ಹೀಗೆ ಸುರುವಾಯಿತು. ಐತವಾರಕ್ಕೊಮ್ಮೆ ಬಯ್ದಾಡಲು ಒಂದು ಜಾಗ ಸಿಕ್ಕಿತು. ದಳವಾಯಿ ಕಳ್ಳಿಗೆ ಬುದ್ಧಿಗೇಡಿ ಅಂದಳು, ಅದು ಹಾಳೆಯಲ್ಲೇ ಬರೆದಿತ್ತು. ಕಳ್ಳಿ ದಳವಾಯಿಗೆ ನಿನ್ನ ಕತ್ತಿ ನಿನ್ನ ರೊಟ್ಟಿಯಂತೆ ಒಂದು ಕಡೆ ದಪ್ಪ ಅಂದಳು. ಆಟ ಮುಗಿಯುತ್ತಲೇ ನೆಗೆಣ್ಣಿ ಎದ್ದು, "ನಿಮ್ಮ ಅತ್ತಿಗಿ ಹೇಳವಾ, ಬರ್ತೇನಿ ಅಂತ" ಎಂದು ಸೊಸೆಗೆ ಹೇಳಿ ಹೋಗುತ್ತಿದ್ದಳು. ನಾನು ಅಲ್ಲೇ ಕುಳಿತಿರುತ್ತಿದ್ದೆ.

ಆದರೆ ಮೊಮ್ಮಗಳ ಹತ್ತು ಹಾಳೆ ಹತ್ತರಲ್ಲಿ ನಿಲ್ಲಲಿಲ್ಲ.

ಎರಡನೆಯ ವಾರ ಒಂದು ಹಾಳು ಗುಡಿಯೊಳಗೆ ಹೋಗಬೇಕಾಯಿತು. ಒಳಗೆ ಕತ್ತಲೆ. ಮೂವರೂ ಒಳಗೆ ಹೋದೆವು ಎಂದೆವು. ಮೊಮ್ಮಗಳು ದಾಳ ಹಾಕಿ, "ದಳವಾಯಿ ಕಾಲಾಗ ಚೇಳ ಬಂತು, ಆದರ ಬೂಟ ಅದಾವ, ಏನೂ ಆಗೂದಿಲ್ಲ" ಎಂದಳು.

"ಯಾವ ಬೂಟ?" ಎಂದಳು ನೆಗೆಣ್ಣಿ. "ಗುಡಿ ಅಂದಿ ನೀ. ನಾ ಹೊರಗ ಬಿಟ್ಟ ಬಂದೀನಿ."

"ನೀವು ಬಿಟ್ಟೇನಿ ಅಂತ ಹೇಳಲಿಲ್ಲಲ್ರಿ."

"ಗುಡಿ ಅಂದ ಮ್ಯಾಲ ಹೇಳೂದೇನೈತಿ? ನಿಮ್ಮ ಆಟದಾಗ ಚಪ್ಪಲಿ ಹಾಕ್ಕೊಂಡ ಗುಡ್ಯಾಗ ಹೊಕ್ಕಾರೇನ?"

ಬಾಯಿ ಮುಚ್ಚಿಕೊಂಡಿದ್ದರೆ ಪಾರಾಗುತ್ತಿದ್ದಳು. ತಾನೇ ವಾದ ಮಾಡಿ, ಗೆದ್ದು, ಚೇಳು ಕಡಿಸಿಕೊಂಡಳು. ವಿಷ ಏರಿ ದಳವಾಯಿ ಮಲಗಿದಳು. ಹೊರಗೆ ಬಂದು ನೋಡಿದರೆ ಬೂಟೂ ಇರಲಿಲ್ಲ. ನಾನು ಕಳ್ಳಿಯಲ್ಲವೇ? ಗುಡಿಯ ಮುಂದೆ ಚಪ್ಪಲಿ ಕದಿಯುವುದಕ್ಕೆ ಎಷ್ಟು ದಾಳ ಬೇಕು ಎಂಬುದಕ್ಕೆ ಪುಸ್ತಕದಲ್ಲಿ ಏನೂ ಇರಲಿಲ್ಲ. ಅದಕ್ಕೊಂದು ನಿಯಮ, ಗುಡಿಯೊಳಗೆ ಕಾಲಿಗೆ ಪೆಟ್ಟಾಗುವುದಕ್ಕೊಂದು ನಿಯಮ ಬರೆದಳು.

ಆಮೇಲೆ ಕರಿ ಮಣ್ಣಿನ ಎರಿ ಹೊಲ ಬಂತು. ಪುಸ್ತಕದಲ್ಲಿ ಹಿಮದ ಗುಡ್ಡ ಇತ್ತಂತೆ. ನಾವು ಯಾರೂ ಹಿಮ ನೋಡಿದವರಲ್ಲ, ಅದಕ್ಕೆ ಡೋಣಿ ಹೊಳೆಯ ದಂಡೆಯ ಎರಿ ಹೊಲ ಮಾಡಿದ್ದಳು. ಮಳೆಯಾಗಿದೆ, ದಾಟಿರಿ, ಒಬ್ಬೊಬ್ಬರು ಒಮ್ಮೆ ದಾಳ ಹಾಕಿರಿ ಎಂದಳು. ನಾನು, "ಒಮ್ಮೆ ಹಾಕಿದರ ಸಾಲೂದಿಲ್ಲ. ಎರಿ ಒಂದೊಂದ ಹೆಜ್ಜಿಗಿ ಕಾಲಿಗಿ ಮೆತ್ತತೈತಿ. ಹೋದಂಗ ಹೋದಂಗ ಕಾಲು ಭಾರ ಆಕ್ಕಾವ" ಎಂದೆ. ನೆಗೆಣ್ಣಿ ಮೊಮ್ಮಗಳಿಗೆ, "ಅಕಿ ಹೇಳೂದು ಖರೆ ಐತಿ" ಎಂದಳು. ಮತ್ತೊಂದು ಹಾಳೆ.

ಸೋಮವಾರ ದಳವಾಯಿ ಒಪ್ಪತ್ತು. ಕಥೆಯಲ್ಲಿ ಇವತ್ತು ಯಾವ ವಾರ ಎಂದು ಪ್ರತಿ ಸಲ ಕೇಳಿ, ಸೋಮವಾರವಾದರೆ ಎರಡನೆಯ ಸಲ ಉಣ್ಣಲು ಒಪ್ಪಳು. ಹಸಿದು ಕತ್ತಿ ಬೀಸಿದರೆ ಎಷ್ಟು ಬಲ ಕಡಿಮೆ, ಅದಕ್ಕೊಂದು ಕೋಷ್ಟಕ. ನಾನು ಅಮಾವಾಸ್ಯೆಯ ದಿನ ಊರು ಬಿಟ್ಟು ಹೊರಡಲು ಒಪ್ಪಲಿಲ್ಲ. ಅದಕ್ಕೆ ತಿಥಿ ಬರೆಯುವ ಹಾಳೆ. ಒಮ್ಮೆ ಕಥೆಯಲ್ಲಿ ಒಬ್ಬ ಗೌಡ ಬಂದ. ಮೊಮ್ಮಗಳು ತಿಳಿಯದೆ ಅವನಿಗೆ ನೆಗೆಣ್ಣಿಯ ಗಂಡನ ಹೆಸರು ಇಟ್ಟಿದ್ದಳು. ಆ ಮನುಷ್ಯ ಸತ್ತು ಎಷ್ಟೋ ಕಾಲವಾಗಿತ್ತು, ಹೆಸರು ಇನ್ನೂ ಬಾಯಿಗೆ ಬರುವಂತಿರಲಿಲ್ಲ. ಗೌಡನನ್ನು ಹೆಸರು ಹಿಡಿದು ಕರೆದರೆ ಮಾತ್ರ ಬಾಗಿಲು ತೆಗೆಯುತ್ತಾನೆ ಎಂದು ಕಥೆ. ದಳವಾಯಿ ಬಾಗಿಲ ಮುಂದೆ ನಿಂತು, "ಏ ಇಂವನ" "ಏ ಮನಿಯಾಗ ಇದ್ದಾಂವ" ಎಂದು ಸಂಜೆತನಕ ಕೂಗಿದಳು. ಕಡೆಗೆ ನಾನು, ಅಂದರೆ ಕಳ್ಳಿ, ಕಿಟಕಿಯಿಂದ ಒಳಗೆ ಹೋಗಿ ಅಗುಳಿ ತೆಗೆದೆ. ನಾನು ಕೂಡ ಹೆಸರು ಹಿಡಿಯುವಂತಿರಲಿಲ್ಲ. ಅವನು ನನಗೆ ಭಾವ.

ದೀಪಾವಳಿ ಹತ್ತಿರ ಬಂತು. ಮೊಮ್ಮಗಳ ಹಾಳೆಗಳಿಗೆ ಫೈಲು ಬಂತು, ಫೈಲು ಮುಚ್ಚಲಾರದೆ ಮೇಲೆ ಲಾಡಿ ಕಟ್ಟಿದಳು.

"ಆಯಿ, ನಾ ಕಡಿಮಿ ಮಾಡಾಕ ಕುಂತಿದ್ನಿ," ಎಂದಳು ಒಂದು ದಿನ. "ಆ ಇಂಗ್ಲಿಷ್ ಪುಸ್ತಕ ನಿಮ್ಮಿಬ್ಬರಕಿಂತ ಸುಲಭ ಐತಿ."

"ನಾವೇನ ಮಾಡೇವಿ? ಇದ್ದದ್ದ ಹೇಳೇವಿ."

"ಅದ ಅಂತೇನಿ. ಇದ್ದದ್ದ ಇಷ್ಟ ಐತಿ ಅಂತ ನನಗ ಗೊತ್ತಿರಲಿಲ್ಲ."

ಕಥೆಯ ಕಡೆಯ ಭಾಗಕ್ಕೆ ಬಂದೆವು. ಕೋಟೆಯ ಕೆಳಗೆ ನೆಲಮಾಳಿಗೆ, ಅದರೊಳಗೆ ನಿಧಿ, ನಿಧಿಗೆ ಕಲ್ಲಿನ ಬಾಗಿಲು. ಮೊಮ್ಮಗಳು ಗಂಭೀರವಾಗಿ ಹೇಳಿದಳು. ಬಾಗಿಲ ಮೇಲೆ ಹೀಗೆ ಕೊರೆದಿದೆಯಂತೆ: ನಿಮ್ಮಲ್ಲಿ ಹಿರಿಯಳಾದವಳು ಅಂಗೈ ಇಟ್ಟರೆ ತೆರೆಯುತ್ತೇನೆ, ಕಿರಿಯಳು ಮುಟ್ಟಿದರೆ ಕಲ್ಲಾಗುತ್ತಾಳೆ.

ಹೇಳಿ ಮುಗಿಸಿ ಅವಳು ನಗುತ್ತ ನಮ್ಮನ್ನು ನೋಡಿದಳು. ಹುಡುಗಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ವಿಷಯವನ್ನು ಯಾರೂ ಬಾಯಿ ಬಿಟ್ಟು ಆಡಿದವರಲ್ಲ. ಎರಡು ಮುದುಕಿಯರು ಹುಟ್ಟುಗುಣದಿಂದ ಮಾತಾಡುವುದಿಲ್ಲ ಎಂದು ತಿಳಿದಿದ್ದಳು.

ಯಾರೂ ಕೈ ಮುಂದೆ ಮಾಡಲಿಲ್ಲ. ಸೊಸೆ ಮಾತ್ರ ಯಾವುದೋ ಹುಡುಗನ ಹಾಳೆಯ ಮೇಲೆ ಸೊನ್ನೆ ಬರೆದಳು.

ದಳವಾಯಿ ಇಡಬಹುದಿತ್ತು. ಇಟ್ಟು ಬಾಗಿಲು ತೆರೆದರೆ ಅವಳು ಹಿರಿಯಳೆಂದು ಫೈಲಿನಲ್ಲಿ ಬೀಳುತ್ತಿತ್ತು. ಕಲ್ಲಾದರೆ ನಾನು ಎಂದು. ನನಗೂ ಅದೇ ಲೆಕ್ಕ. ಆಟದ ಮಾತು ಹೊರಗೆ ಲೆಕ್ಕಕ್ಕಿಲ್ಲ ಎಂದು ಬರೆದದ್ದು ನಿಜ. ಕಲ್ಲಾಗುವುದು ಮಾತಲ್ಲವಲ್ಲ.

"ಹಿರೇಕಿ ಅಂದರ ಹೆಂಗ?" ಎಂದಳು ನೆಗೆಣ್ಣಿ ಕಡೆಗೆ. "ವಯಸ್ಸಿನಾಗೋ ಮಾನದಾಗೋ? ನಿಯಮ ಓದ."

ಮೊಮ್ಮಗಳು ಫೈಲಿನ ಲಾಡಿ ಬಿಚ್ಚಿದಳು. ದಪ್ಪ ಪುಸ್ತಕ ತಂದಳು. ಎಂಟಡಿ ಮೇಲಿಂದ ಬಿದ್ದರೆ ಏನಾಗುತ್ತದೆ ಎಂಬುದಿತ್ತು, ಬೆಂಕಿಯಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಎಂಬುದಿತ್ತು. ಹಿರಿಯಳು ಯಾರೆಂಬುದು ಇರಲಿಲ್ಲ. "ನಿಮ್ಮ ಪಾತ್ರಕ್ಕ ವಯಸ್ಸು ಬರಿಯೂದ ಮರತೇನ್ರಿ," ಎಂದಳು. "ಈಗ ದಾಳ ಹಾಕಿ ಬರಕೊಳ್ಳೂನು?"

"ಹಿರೇತನ ದಾಳದಾಗ ಬರೂದಿಲ್ಲ," ಎಂದಳು ನೆಗೆಣ್ಣಿ.

"ಬರೂದಿಲ್ಲ," ಎಂದೆ ನಾನು.

ಎರಿ ಹೊಲ ಬಿಟ್ಟರೆ ಇಬ್ಬರೂ ಒಪ್ಪಿದ ಸಂಗತಿ ಅದೊಂದೇ. ಅದರಿಂದ ಆಟ ನಿಂತುಹೋಯಿತು. ಮರು ವಾರ ನೆಗೆಣ್ಣಿಗೆ ಮೊಣಕಾಲು ನೋವು. ಅದರ ಮರು ವಾರ ನನಗೆ. ಹಿತ್ತಲಲ್ಲಿ ಸೌಟು ಬಡಿಯುವ ಸಪ್ಪಳ ಕೂಡ ಕಡಿಮೆಯಾಯಿತು. ಐತವಾರ ಮಧ್ಯಾಹ್ನ ನಾನು ಮಲಗಿ ಎದ್ದು, ಮಲಗಿ ಎದ್ದು ಮಾಡಿದೆ. ಬಯ್ಯಿಸಿಕೊಳ್ಳದೆ ವಾರ ಕಳೆದರೆ ಹೊಟ್ಟೆಗೆ ಊಟ ಇಳಿಯದಂತೆ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೊಮ್ಮಗಳಿಗೆ ಅಳು ಬಂದಿತ್ತು. ಕಥೆಯ ಕಡೆ ಆಡಿ ನೋಡದೆ ಸಿಂದಗಿಗೆ ಏನು ಒಯ್ಯಲಿ ಎಂದು ಅವಳ ಚಿಂತೆ. ಬಾಗಿಲ ಮೇಲಿನ ಮಾತು ಅಳಿಸಿಬಿಡುತ್ತೇನೆ, ಬೇರೆ ಬರೆಯುತ್ತೇನೆ ಎಂದಳು. ನೆಗೆಣ್ಣಿ ಸೊಸೆಯ ಬಾಯಿಂದ ಹೇಳಿ ಕಳಿಸಿದಳು: "ಕಲ್ಲಿನಾಗ ಕೊರದದ್ದು ಅಳಸಾಕ ಬರೂದಿಲ್ಲ." ನಾನೂ ಸೊಸೆಯ ಬಾಯಿಂದ ಹೇಳಿ ಕಳಿಸಿದೆ: "ಅಳಿಸಿದರ ನಾವು ಹೆದರಿ ಅಳಿಸಿದಂಗ ಆಕ್ಕೈತಿ." ಸೊಸೆ ಆ ಸಂಜೆ ಗೋಡೆಯ ಆಚೆ ಈಚೆ ಆರು ಏಳು ಸಲ ತಿರುಗಿದಳು. ಚಹ ಆರಿ ನೀರಾಯಿತು.

ಮುಂದಿನ ಐತವಾರ ಅವಳೇ ಜಮಖಾನ ಹಾಸಿದಳು. "ಅತ್ತಿ, ಬರ್ರಿ," ಎಂದು ಗೋಡೆಯ ಆಚೆ ಕೂಗಿದಳು. "ಅತ್ತಿ, ಏಳ್ರಿ," ಎಂದು ನನಗೆ. ಮಾಸ್ತರಣಿಯ ದನಿ. ಬಂದು ಕುಳಿತೆವು. ಅವಳು ಕೂಡ ಕುಳಿತು ಉತ್ತರಪತ್ರಿಕೆಯ ಗಂಟು ತೊಡೆಯ ಮೇಲೆ ಇಟ್ಟುಕೊಂಡಳು.

ಮೊಮ್ಮಗಳು ಮೆಲ್ಲಗೆ, "ಬಾಗಲಾ ಮುಂದ ನಿಂತೀರಿ. ಏನ ಮಾಡ್ತೀರಿ?" ಎಂದಳು.

ನಾನು ನನ್ನ ಹಾಳೆ ಮಗುಚಿ ಇಟ್ಟೆ. ನೆಗೆಣ್ಣಿಯೂ ತನ್ನದನ್ನು ಮಗುಚಿ ಇಟ್ಟಳು.

"ನನ್ನ ಕಾವಲುಗಾರ್ತಿ ಮುಂದ ಹೋಗಿ ಕೈ ಇಡ್ತಾಳ," ಎಂದಳು ಸೊಸೆ.

"ಅವ್ವಾ, ಹಿರೇಕಿ ಅಲ್ಲದಿದ್ದರ ಕಲ್ಲಾಗ್ತಿ."

"ವಯಸ್ಸು ಯಾರದೂ ಬರದಿಲ್ಲಲ್ಲ. ನಿನ್ನ ಫೈಲಿನಾಗ ಏನ ಐತಿ ನೋಡು. ಹಾಳ್ಯಾಗ ಬರೀದೇ ಬಿಟ್ಟದ್ದನ್ನ ಆಡೋರು ಆಟ ಮುಗಿಯೂದರೊಳಗ ಯಾವಾಗ ಬೇಕಾದರೂ ತುಂಬಬಹುದು ಅಂತ ಐತಿ."

ಮೊಮ್ಮಗಳು ಹುಡುಕಿದಳು. ಇತ್ತು. ಅವಳೇ ಬರೆದದ್ದು.

ಸೊಸೆ ಕೆಂಪು ಪೆನ್ನಿನಿಂದ ತನ್ನ ಪಾತ್ರದ ಹಾಳೆಯ ಮೇಲೆ ಬರೆದು ತೋರಿಸಿದಳು. ವಯಸ್ಸು ತೊಂಬತ್ತು. "ಈಗ ಇಡ್ತೇನಿ," ಎಂದಳು.

"ಬಾಗಲಾ ತಗೀತು," ಎಂದಳು ಮೊಮ್ಮಗಳು. ಬೇರೆ ಏನು ಹೇಳಿಯಾಳು?

ನನಗೆ ಸಿಟ್ಟು ತಲೆಗೆ ಏರಿತು. ಈ ಮನೆಗೆ ಎಲ್ಲರಿಗಿಂತ ಕಡೆಗೆ ಬಂದವಳು, ಮೂಲೆಯಲ್ಲಿ ಹಾಳೆ ತಿದ್ದುತ್ತ ಕುಳಿತವಳು, ನಮ್ಮಿಬ್ಬರನ್ನು ದಾಟಿ ಹಿರಿಯಳಾಗಿ ಒಳಗೆ ಹೋಗುತ್ತಿದ್ದಾಳೆ. ನಾನು ಆ ತುದಿಗೆ ತಿರುಗಿ, "ನೋಡಿದೇನ ಇಕೀನ?" ಎಂದೆ.

"ನೋಡಾಕತ್ತೇನಲ್ಲ," ಎಂದಳು ನೆಗೆಣ್ಣಿ. "ಹಾಳಿ ತಿದ್ದಕೋತ ತಿದ್ದಕೋತ ನಮ್ಮ ತಲಿ ಮ್ಯಾಲ ಕುಂತಳು."

"ಸೊಸಿಗಿ ಸಾಲಿ ಕಲಿಸಿದರ ಹಿಂಗ ಆಕ್ಕೈತಿ."

"ಕಲಿಸಿದಾಕಿ ನೀ. ನಾ ಏನ ಕಲಿಸೇನಿ?"

"ಕಲಿಸಬ್ಯಾಡ ಅಂತ ನೀ ಯಾವಾಗ ಅಂದಿ?"

"ಅನ್ನಾಕ ನನ್ನ ಜೋಡಿ ಯಾವಾಗ ಮಾತಾಡಿದಿ?"

ಅಲ್ಲಿಗೆ ಇಬ್ಬರಿಗೂ ಗೊತ್ತಾಯಿತು. ಅಕ್ಕ ಎನ್ನದೆ, ಏನೂ ಎನ್ನದೆ, ಮಾತು ಹೊರಗೆ ಬಂದು ಜಮಖಾನದ ನಡುವೆ ಕುಳಿತಿತ್ತು. ಮೊದಲು ಆಡಿದವಳು ನಾನು.

ನೆಗೆಣ್ಣಿ ನನಗಿಂತ ಚುರುಕು. ಮೊಮ್ಮಗಳ ಕಡೆ ತಿರುಗಿ, "ಈಗ ಅಕಿ ಮಾತಾಡಿದ್ದು ಕಳ್ಳಿ ಮಾತಾಡಿದ್ದೋ, ಅಕಿನ ಮಾತಾಡಿದ್ದೋ? ನಿಯಮ ನೋಡು" ಎಂದಳು.

"ಕಳ್ಳಿ," ಎಂದೆ. "ಕಾವಲುಗಾರ್ತೀನ ನೋಡು ಅಂದೇನಿ."

"ಸೊಸಿ ಅಂದಿ. ಸಾಲಿ ಅಂದಿ. ಕೋಟ್ಯಾಗ ಸಾಲಿ ಎಲ್ಲೈತಿ?"

ಮೊಮ್ಮಗಳು ಫೈಲು ತಿರುವುತ್ತಿದ್ದಳು. ಸೊಸೆ ಪೆನ್ನಿಗೆ ಟೋಪಿ ಹಾಕಿ, "ಬಾಗಲಾ ತಗದ ಮ್ಯಾಲ ಆಟ ಮುಗೀತಲ್ರಿ ಅತ್ತಿ? ಮುಗದ ಮ್ಯಾಲ ಆಡಿದ್ದು ಹೊರಗಿನ ಮಾತ" ಎಂದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಆಚೆಯದು ಈಚೆ ಮುಟ್ಟಿಸುವಾಗಲೂ ಇದೇ ಮುಖ.

ಆಟ ಮುಗಿದಿದ್ದರೆ ನಾನು ಸೋತಂತೆ. ನೆಗೆಣ್ಣಿ ಹೌದು ಅಂದಿದ್ದರೆ ಆಗಿಹೋಗುತ್ತಿತ್ತು. ಅವಳು ಒಂದು ಗಳಿಗೆ ನನ್ನ ಮೊಣಕಾಲು ನೋಡಿದಳು. ಗೆದ್ದರೆ ಮುಂದಿನ ಐತವಾರ ಆಟವಿಲ್ಲ. ಮನೆಯಲ್ಲಿ ಕುಳಿತು ಹಿರಿಯಳಾಗಿರಬೇಕು.

"ಮುಗದಿಲ್ಲ," ಎಂದಳು. "ನಿಧಿ ಪಾಲಾಗಬೇಕಲ್ಲ."

"ಪುಸ್ತಕದಾಗ ನಿಧಿ ಸಿಕ್ಕರ ಮುಗೀತು ಅಂತ ಐತ್ರಿ," ಎಂದಳು ಮೊಮ್ಮಗಳು.

ಪ್ರತಿ ಸಲ ನಿಯಮ ಓದು ಎಂದು ಪೀಡಿಸಿದವಳು ಕೈ ಬೀಸಿ, "ಆ ಪುಸ್ತಕದ ಮಾತು ಬಿಡು. ಪಾಲು ಮಾಡದ ಎದ್ದ ಹೋಗಾಕ ಅದೇನ ಅವರಪ್ಪನ ಮನಿ ನಿಧಿ ಏನ" ಎಂದಳು.

ಮೊಮ್ಮಗಳು ಬರೆದಳು. ನಿಧಿ ಪಾಲಾಗುವ ತನಕ ಆಟ ಮುಗಿಯುವುದಿಲ್ಲ.

ದೀಪಾವಳಿಗೆ ಅವಳು ಫೈಲು ಎತ್ತಿಕೊಂಡು ಸಿಂದಗಿಗೆ ಹೋದಳು. ಗೆಳತಿಯರು ಎರಿ ಹೊಲದ ನಿಯಮ ಮತ್ತು ಚಪ್ಪಲಿ ಕದಿಯುವ ನಿಯಮ ಇಟ್ಟುಕೊಂಡು ಉಳಿದದ್ದನ್ನೆಲ್ಲ ತೆಗೆದು ಹಾಕಿದರಂತೆ. ಹತ್ತು ಹಾಳೆಗೆ ಇಳಿಯಿತಂತೆ. ಬಹಳ ಛಲೋ ಆಯಿತು ಎಂದು ಖುಷಿಯಿಂದ ಬಂದಳು. ತೆಗೆದು ಹಾಕಿದ ಹಾಳೆಗಳನ್ನು ನಾವು ಇಸಿದುಕೊಂಡೆವು.

ಈಗ ಐತವಾರಕ್ಕೊಮ್ಮೆ ಪಾಲು ಮಾಡುತ್ತೇವೆ. ನಿಧಿಯಲ್ಲಿ ಒಂದು ಪೂಜೆಯ ಗಂಟೆ, ಹಿತ್ತಾಳೆಯ ಕೊಡ, ಒಂದು ಮಂಚ, ಒಂದು ಬೀಸುಕಲ್ಲು ಇವೆ. ಬೀಸುಕಲ್ಲು ಇಬ್ಬರಿಗೂ ಬೇಕು. ಬೀಸುವವರು ಯಾರೂ ಇಲ್ಲ, ಹಿಟ್ಟಿನ ಗಿರಣಿ ಓಣಿಯ ತುದಿಗೇ ಇದೆ. ಆದರೂ ಬೇಕು. ಹಂಚುವ ಹಕ್ಕು ಹಿರಿಯಳದು. ಹಿರಿಯಳು ತೊಂಬತ್ತು ವಯಸ್ಸಿನ ಕಾವಲುಗಾರ್ತಿ. ಅವಳ ಮುಂದೆ ಅಹವಾಲು ಹೇಳಬೇಕಾದರೆ ಮೊದಲು ಅಕ್ಕಾ ಎನ್ನಬೇಕೆಂದು ನೆಗೆಣ್ಣಿಯೇ ನಿಯಮ ಮಾಡಿಸಿದಳು, ನನ್ನ ಬಾಯಿಂದ ಅದು ಬರಲಾರದು ಎಂದುಕೊಂಡು. ನಾನು ಅಂದೆ. ಅನ್ನುವುದು ಅಷ್ಟು ಸುಲಭ ಎಂದು ಮೊದಲೇ ಗೊತ್ತಿದ್ದರೂ ನೆಗೆಣ್ಣಿಗೆ ಅನ್ನುತ್ತಿರಲಿಲ್ಲ.

"ಅಕ್ಕಾ, ಬೀಸುಕಲ್ಲ ನನಗ ಕೊಡ್ರಿ."

"ಅಕ್ಕಾ, ಅಕಿ ಕಳ್ಳಿ ಅದಾಳ್ರಿ. ಅಕೀಗಿ ಕೊಡಬ್ಯಾಡ್ರಿ."

ಸೊಸೆ ಹಾಳೆ ತಿದ್ದುತ್ತ, "ಬರೂ ಐತವಾರ ನೋಡೂನು" ಎನ್ನುತ್ತಾಳೆ. ಚಹ ನಾವು ಮಾಡಿ ಕೊಡುತ್ತೇವೆ. ಅದಕ್ಕೂ ನಿಯಮವಿದೆ.

ಮೊನ್ನೆ ಬುಧವಾರ ಹಿತ್ತಲಲ್ಲಿ ಸೌಟು ಬಡಿದ ಸಪ್ಪಳವಾಯಿತು. ಹೋದೆ. ಗೋಡೆಯ ಮೇಲೆ ಬರಿ ತಾಟು, ಆಚೆ ನೆಗೆಣ್ಣಿ. ಹಿಂದೆ ಮುಂದೆ ನೋಡಿ, "ದಳವಾಯಿ ಮನ್ಯಾಗ ಹೆಪ್ಪ ತೀರೈತಿ. ಒಂದೀಟ ಬೇಕಾಗೈತಿ" ಎಂದಳು.

ಫೈಲಿನಲ್ಲಿ ಬುಧವಾರದ ಬಗ್ಗೆ ಏನೂ ಬರೆದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಮ್ಮ ಬಟ್ಟಲಿನಲ್ಲಿ ಮೊಸರು ಹಾಕಿ ಕೊಟ್ಟೆ.

ಆ ಬಟ್ಟಲು ಇನ್ನೂ ವಾಪಸು ಬಂದಿಲ್ಲ. ಹೆಸರಿಗೆ ಕಳ್ಳಿ ನಾನು.